ಸೀಟಿಗೂ ವೀಸಾ

ನಮ್ಮ ಕಾಲದಲ್ಲಿ ಮಗುವಿನ ಕಾರ್ ಸೀಟ್ ಎಂದರೆ ಅಜ್ಜಿಯ ತೊಡೆ. ಬೆಲ್ಟ್ ಇಲ್ಲ, ಕೋಡುಬಳೆ ಉಚಿತ. ಮಗ, ಸೊಸೆ, ಮೊಮ್ಮಗನ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ನನ್ನ ಈ ತೊಡೆಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಗೊತ್ತಾಯಿತು. ಅಲ್ಲಿ 8 ವರ್ಷದೊಳಗಿನವರು ಹಿಂದಿನ ಸಾಲಿನಲ್ಲಿ, ತಮ್ಮದೇ ಸೀಟಿನಲ್ಲಿ ಕೂರಬೇಕು. ಬೆಂಗಳೂರಿನಲ್ಲಿ ಕೊಂಡ ಸೀಟಿಗೋ ಯುರೋಪಿನ ಸುರಕ್ಷತಾ ಮುದ್ರೆ. ಅಮೆರಿಕಕ್ಕೆ ಅಮೆರಿಕದ್ದೇ ಮುದ್ರೆ ಬೇಕು. ಸೀಟಿಗೂ ವೀಸಾ!

ಸೊಸೆ ಹಗುರವಾದದ್ದಕ್ಕಾಗಿ ಜಾಲಾಡಿದಳು. ಕೇರ್ಸ್ ಎಂಬ ಬೆಲ್ಟು ಬರೀ ಅರ್ಧ ಕಿಲೋ, ಕೈಚೀಲದಲ್ಲಿ ಮಡಚಿ ಕೂರುತ್ತದೆ. 10ರಿಂದ 20 ಕಿಲೋ ತೂಗುವ ಮಗುವನ್ನು ವಿಮಾನದಲ್ಲಿ ಭದ್ರವಾಗಿ ಹಿಡಿಯುತ್ತದೆ. ಇಳಿದು ಕಾರು ಹತ್ತಿದಿರೋ, ಅದು ಬರೀ ಲಾಡಿ. ಅಲ್ಲಿ ಬಳಸುವಂತೆಯೇ ಇಲ್ಲ. ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಇದರ ಸವತಿ: ಕಾರಿನಲ್ಲಿ ಸೈ, ವಿಮಾನ ಏರುವಾಗ ಇಳಿಯುವಾಗ ನಿಷಿದ್ಧ. ಎರಡೂ ಮನೆಗೆ ಸಲ್ಲುವ ಅಳಿಯ ಬೇಕೆಂದರೆ, ವಿಮಾನಕ್ಕೂ ಯೋಗ್ಯವೆಂದು ಕೆಂಪಕ್ಷರದಲ್ಲಿ ಬರೆದ ಚೀಟಿಯಿರುವ ಸೀಟು ಹುಡುಕಬೇಕು. ನಾಲ್ಕೂವರೆ ಕಿಲೋ ಆಸುಪಾಸಿನದೂ ಸಿಗುತ್ತದೆ.

ಬಾಡಿಗೆ ಕಾರಿನವರೂ ಸೀಟು ಕೊಡುತ್ತಾರೆ, ದಿನದ ಲೆಕ್ಕದಲ್ಲಿ. ಹಿಂದೊಮ್ಮೆ ಮಗನಿಗೆ ಸಿಕ್ಕಿದ್ದರ ಸಂದಿಯಲ್ಲಿ ಯಾವುದೋ ಮಗುವಿನ ಚಿಪ್ಸಿನ ಅವಶೇಷ. ಅಪಘಾತ ಕಂಡ ಸೀಟೋ ಅಲ್ಲವೋ, ಕೇಳಿದರೆ ಅದೇನು ಬಾಯಿ ಬಿಡುತ್ತದೆಯೇ?

ಕೊನೆಗೆ ಕೆಂಪಕ್ಷರದ ಸೀಟನ್ನೇ ಹೊತ್ತೊಯ್ದು ಕಾರಿಗೆ ಬಿಗಿಯತೊಡಗಿದೆವು. ಬೆಲ್ಟು ಹಾಯುವ ಕಡೆ ಹಿಡಿದು ಅಲ್ಲಾಡಿಸಿದರೆ 1 ಇಂಚಿಗಿಂತ ಹೆಚ್ಚು ಅಲುಗಬಾರದಂತೆ. ಮಗ ಎಳೆದ, ಸೊಸೆ ಎಳೆದಳು, ಅಲುಗಾಟ ನಿಲ್ಲಲಿಲ್ಲ. ಆಗ ನಾನೇ ಮಂಡಿಯೂರಿ ನನ್ನ ಅರವತ್ತೈದು ಕಿಲೋ ಹೇರಿದೆ, ಬೆಲ್ಟು ಬಿಗಿಯಿತು. ಮೊಮ್ಮಗ ಕೆಳಗಿನಿಂದ ರಾಗ ಎಳೆದ: “ಅಜ್ಜೀ, ಅದು ನಂದು!”