ಕೋಡ್ ಅಳಿಸಿಕೊಡುವ ಅಣ್ಣನವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಣ್ಣನವರೇ,

ಮಿನ್ನೆಸೋಟಾದಲ್ಲಿ ಚಳಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಬೆಳಿಗ್ಗೆ ಇಲ್ಲಿನ ಕನ್ನಡಿಗರಿಗೆ ಮನೆದೇವರಿಗಿಂತ ಮೊದಲು ನೆನಪಾಗುವವರು ತಾವು. ಕಾರು ಹೇಗೋ ಸ್ಟಾರ್ಟ್ ಆಗುತ್ತದೆ, ಆದರೆ ಗಡಗಡ ನಡುಗುತ್ತದೆ. ನಮ್ಮೂರ ಗ್ಯಾರೇಜಿನವರ ಮಾತಿನಲ್ಲಿ ಹೇಳುವುದಾದರೆ 'ಮಿಸ್ಸಿಂಗ್ ಹೊಡೆಯುತ್ತದೆ'. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಳ್ಳುತ್ತದೆ. ತಮಗೆ ಫೋನ್ ಹೋಗುತ್ತದೆ. ತಾವು ಬಂದು, ಜಾಕೆಟ್ಟಿನ ಜೇಬಿನಿಂದ ಬ್ಲೂಟೂತ್ ಸ್ಕ್ಯಾನರ್ ತೆಗೆದು, ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ, ಮೊಬೈಲಿನಲ್ಲಿ ಒಂದು ಗುಂಡಿ ಒತ್ತುತ್ತೀರಿ. ದೀಪ ಮಾಯ! ಮತ್ತೆ ಸ್ಟಾರ್ಟ್ ಮಾಡಿದರೆ ಎಂಜಿನ್ ಮೊದಲಿನಂತೆಯೇ ನಡುಗುತ್ತದೆ, ನಿಜ. ಆದರೆ ಮನೆಯವರು ನೋಡುವುದು ದೀಪವನ್ನು. ತಮಗೆ ಒಂದು ಲೋಟ ಫಿಲ್ಟರ್ ಕಾಫಿ, ಜೊತೆಗೆ ಸಂಕ್ರಾಂತಿಯ ಎಳ್ಳುಬೆಲ್ಲ.

ಈ ಸೇವೆಯನ್ನು ನಾಲ್ಕು ಜನರ ಮುಂದೆ ಹೊಗಳದೆ ಇರುವುದು ಕೃತಘ್ನತೆ ಎನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ 1996ರ ಮಾಡೆಲಿನಿಂದೀಚೆಗೆ ಬಂದ ಪ್ರತಿ ಪೆಟ್ರೋಲ್ ಕಾರಿನಲ್ಲೂ ಆ ಸಾಕೆಟ್ ಇರಲೇಬೇಕು ಎಂದು ಕಾನೂನು ಮಾಡಿದವರಿಗೆ ಅದರ ನಿಜವಾದ ಉಪಯೋಗ ಹೊಳೆದಿರಲಿಲ್ಲ. ಪಾಪ, ಅವರು ರೋಗ ಹುಡುಕಲಿಕ್ಕೆಂದು ಇಟ್ಟಿದ್ದರು. ಕ್ರ್ಯಾಂಕ್‌ಶಾಫ್ಟಿನ ಪಕ್ಕದಲ್ಲೊಂದು ಸೆನ್ಸರ್ ಕೂತಿರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಶಾಫ್ಟು ಪ್ರತಿ ಅರ್ಧ ಸುತ್ತಿಗೊಮ್ಮೆ ಒಂದು ಸಿಲಿಂಡರಿನ ಒದೆ ತಿನ್ನುತ್ತದೆ. ಒಂದರಲ್ಲಿ ಪೆಟ್ರೋಲ್ ಉರಿಯದಿದ್ದರೆ ಆ ಅರ್ಧ ಸುತ್ತು ಕೂದಲೆಳೆಯಷ್ಟು ತಡವಾಗುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆ ತಡವನ್ನು ಹಿಡಿದು, ಯಾವ ಸಿಲಿಂಡರಿನ ಸರದಿಯಲ್ಲಿ ಆಯಿತೆಂದು ನೋಡಿ, ಸುತ್ತುಗಳ ಲೆಕ್ಕವಿಟ್ಟು, ತಪ್ಪು ಮಿತಿ ಮೀರಿದಾಗ ಒಂದು ಕೋಡ್ ಬರೆದಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಒಂದೇ ಸಲಕ್ಕೆ ದೂರು ಹೇಳುವುದೂ ಇಲ್ಲ. ಇನ್ನೊಂದು ಓಡಾಟದಲ್ಲೂ ಅದೇ ಕಂಡರೆ ದೀಪ ಹತ್ತಿಸುತ್ತದೆ. ನಮ್ಮ ನಿಮ್ಮಂಥವರಿಗೆ ಇಷ್ಟು ತಾಳ್ಮೆ ಎಲ್ಲಿ ಬರಬೇಕು!

ಕೋಡಿನ ಜೊತೆಗೆ ಅದು ಇನ್ನೊಂದು ಪುಟ ಬರೆದಿರುತ್ತದೆ, ಹೆಸರು ಫ್ರೀಜ್ ಫ್ರೇಮ್. ತಪ್ಪಾದ ಆ ಕ್ಷಣದಲ್ಲಿ ಕೂಲೆಂಟ್ ಎಷ್ಟು ಬಿಸಿ ಇತ್ತು, ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿತ್ತು, ಕಾರು ನಿಂತಿತ್ತೋ ಓಡುತ್ತಿತ್ತೋ, ಪೆಟ್ರೋಲ್ ಎಷ್ಟು ಹೆಚ್ಚಿಗೆ ಸುರಿಯಬೇಕಾಗಿ ಬಂದಿತ್ತು. ಕಳ್ಳತನವಾದ ಮನೆಯ ಮಹಜರು ಇದ್ದ ಹಾಗೆ. ತಮ್ಮ ಗುಂಡಿ ಮೊದಲು ಹರಿದುಹಾಕುವುದು ಇದನ್ನೇ.

ಹರಿದದ್ದು ಒಳ್ಳೆಯದೇ ಆಯಿತು ಎನ್ನಿ. ಇಲ್ಲದಿದ್ದರೆ ಕೂಲೆಂಟ್ ಮೈನಸ್ 14 ಎಂದು ಬರೆದಿದ್ದರೆ ಒಂದು ದಾರಿ, 88 ಎಂದಿದ್ದರೆ ಇನ್ನೊಂದು ದಾರಿ ಹಿಡಿಯಬೇಕಾಗುತ್ತಿತ್ತು. 88ರಲ್ಲಿ ಮಿಸ್ಸಿಂಗ್ ಆಗಿದ್ದರೆ ಚಳಿಯನ್ನು ಬೈದು ಉಪಯೋಗವಿಲ್ಲ. ಮೈನಸ್‌ನಲ್ಲಿ ಮಾತ್ರ ಆಗುತ್ತಿದ್ದರೆ ಗುಮಾನಿ ಬೇರೆಯವರ ಮೇಲೆ ತಿರುಗುತ್ತದೆ. ಚಳಿಗೆ ರಬ್ಬರ್ ಗಡುಸಾಗಿ ಇನ್‌ಟೇಕಿನ ಗ್ಯಾಸ್ಕೆಟ್ಟೋ ಹೋಸೋ ಸಂದಿ ಬಿಟ್ಟು, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ; ಎಂಜಿನ್ ಕಾದ ಮೇಲೆ ಸಂದಿ ಮುಚ್ಚಿಕೊಂಡು ಎಲ್ಲವೂ ಸಭ್ಯವಾಗುತ್ತದೆ. ತಣ್ಣನೆಯ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಸವೆದ ಪ್ಲಗ್ಗಿನ ಕಿಡಿ ಅದಕ್ಕೆ ಸಾಲದು. ಬ್ಯಾಟರಿಯ ಶಕ್ತಿ ಮೈನಸ್ 18ರಲ್ಲಿ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಎಲ್ಲಕ್ಕಿಂತ ಕಳ್ಳ ಹೆಡ್ ಗ್ಯಾಸ್ಕೆಟ್. ರಾತ್ರಿಯಿಡೀ ಒಂದಿಷ್ಟು ಕೂಲೆಂಟನ್ನು ಸಿಲಿಂಡರಿಗೆ ಜಿನುಗಿಸಿ, ಬೆಳಿಗ್ಗೆ ಒಂದು ನಿಮಿಷ ಮಿಸ್ಸಿಂಗ್ ಹೊಡೆಸಿ, ಆಮೇಲೆ ಏನೂ ಆಗದವನಂತೆ ಸುಮ್ಮನಾಗುತ್ತದೆ. ಬಿಳಿ ಹೊಗೆ ನೋಡಿ ಹಿಡಿಯೋಣ ಎಂದರೆ ಮೈನಸ್ 20ರಲ್ಲಿ ಬೀದಿಯ ಅಷ್ಟೂ ಕಾರುಗಳ ಸೈಲೆನ್ಸರಿನಲ್ಲಿ ಬಿಳಿ ಹೊಗೆ! ಎಂಜಿನ್ ಪೂರ್ತಿ ಕಾದ ಮೇಲೂ ಹೊಗೆ ನಿಲ್ಲದೆ, ಕೂಲೆಂಟ್ ಡಬ್ಬಿಯ ಮಟ್ಟ ವಾರ ವಾರ ಇಳಿಯುತ್ತಿದ್ದರೆ ಮಾತ್ರ ಅದು ಸುಳಿವು. ಇಷ್ಟೆಲ್ಲ ಯೋಚಿಸುತ್ತ ಕೂತರೆ ಕಾಫಿ ಆರಿಹೋಗುತ್ತದೆ.

ಕೆಲವೊಮ್ಮೆ ತಾವು ಅಳಿಸುವ ಮುನ್ನ ಕೋಡನ್ನು ಓದುವುದೂ ಉಂಟು. ಪಿ0302 ಎಂದು ಬಂದರೆ ಎರಡನೆಯ ಸಿಲಿಂಡರ್ ಉರಿದಿಲ್ಲ ಎಂದರ್ಥ. ಅಪರಾಧಿ ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ, ವಾಲ್ವೋ ಎಂದು ಅದು ಹೇಳಿಲ್ಲ. ಆದರೂ ತಾವು ಒಂದು ಕ್ಷಣವೂ ತಡವರಿಸದೆ "ಕಾಯಿಲ್ ಆರ್ಡರ್ ಮಾಡಿ" ಎನ್ನುತ್ತೀರಿ. ಕಾಯಿಲ್ ಬಂದು ಹೋದ ಮೇಲೆ ಪ್ಲಗ್, ಪ್ಲಗ್ ಆದ ಮೇಲೆ ಸೆನ್ಸರ್. ಹೀಗೆ ಬಿಡಿಭಾಗ ಬದಲಿಸುತ್ತ ಹೋದರೆ ಒಂದಲ್ಲ ಒಂದು ದಿನ ಕಾರು ಸರಿಹೋಗಲೇಬೇಕು. ಆ ಹೊತ್ತಿಗೆ ಅದರಲ್ಲಿ ಹಳೆಯದೇನೂ ಉಳಿದಿರುವುದಿಲ್ಲ. ಇದರ ಬದಲು ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ ಒಂದು ರೌಂಡ್ ಹೋಗಿಬಂದರೆ ಸಾಕಿತ್ತು: ಕೋಡು ಪಿ0303ಕ್ಕೆ ಜಾರಿದರೆ ಕಾಯಿಲ್ ತಪ್ಪಿತಸ್ಥ, ಅಲ್ಲೇ ಉಳಿದರೆ ನಿರ್ದೋಷಿ. ಖರ್ಚಿಲ್ಲ. ಬಹಳಷ್ಟು ಕಾರುಗಳಿಗೆ 10ರ ಸ್ಪ್ಯಾನರ್ ಒಂದಿದ್ದರೆ ಸಾಕು. ಕನೆಕ್ಟರಿನ ಪ್ಲಾಸ್ಟಿಕ್ ಕೊಕ್ಕೆ ಈ ಚಳಿಯಲ್ಲಿ ಪಟ್ಟನೆ ಮುರಿಯುತ್ತದೆ, ಗ್ಲೌಸ್ ತೆಗೆದರೆ ಬೆರಳು ಕೇಳುವುದಿಲ್ಲ, ಆದ್ದರಿಂದ ಗ್ಯಾರೇಜಿನೊಳಗೆ ಮಾಡುವುದು ಲೇಸು. ಇಂಥ ಜಿಪುಣ ಉಪಾಯ ತಮ್ಮ ಘನತೆಗೆ ತಕ್ಕದ್ದಲ್ಲ, ಒಪ್ಪುತ್ತೇನೆ.

ತಮ್ಮ ಇನ್ನೊಂದು ತೀರ್ಪಂತೂ ಫ್ರೇಮ್ ಹಾಕಿಸಿಡುವಂಥದ್ದು: "ಕೋಡ್ ಇಲ್ಲ, ಗಾಡಿ ಫಸ್ಟ್ ಕ್ಲಾಸ್." ಕಾರು ತಯಾರಕರು ಹೆಚ್ಚಾಗಿ ಅನುಸರಿಸುವ ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಒಂದು ರಿಯಾಯಿತಿ ಇದೆ. ಮೈನಸ್ 7 ಡಿಗ್ರಿಗಿಂತ ಕೆಳಗೆ ಸ್ಟಾರ್ಟ್ ಆದ ಎಂಜಿನ್ನಿನಲ್ಲಿ ಕೂಲೆಂಟ್ ಸುಮಾರು 21 ಡಿಗ್ರಿ ಮುಟ್ಟುವ ತನಕ ಮಿಸ್ಸಿಂಗ್ ಎಣಿಕೆಯನ್ನು ಮುಂದೂಡಲು ತಯಾರಕರಿಗೆ ಅನುಮತಿ ಉಂಟು. ಅಂದರೆ ಎಂಜಿನ್ ಅತಿ ಹೆಚ್ಚು ನಡುಗುವ ಆ ನಾಲ್ಕೈದು ನಿಮಿಷ ಲೆಕ್ಕದ ಗುಮಾಸ್ತ ಚಳಿಗಾಲದ ರಜೆಯಲ್ಲಿರಬಹುದು. ಖಾಲಿ ಪುಸ್ತಕ ನೋಡಿ ತಾವು ಶುಭ ಹಾರೈಸುತ್ತೀರಿ.

ದೀಪ ಮಿಟುಕುತ್ತಿದ್ದಾಗ "ಲೂಸ್ ಕನೆಕ್ಷನ್, ಓಡಿಸಿ" ಎಂದಿದ್ದು ಮಾತ್ರ ತಮಾಷೆಯಾಗಿ ಬರೆಯಲು ನನ್ನಿಂದ ಆಗುತ್ತಿಲ್ಲ. ಮಿಟುಕುವ ದೀಪ ಎಂದರೆ ಉರಿಯದ ಪೆಟ್ರೋಲ್ ಹಾಗೇ ಹೊರಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತಿದೆ ಎಂದು. ಅದರ ಒಳಗಿನ ಸೆರಾಮಿಕ್ ಜಾಲರಿ ಆ ಬಿಸಿಗೆ ಕರಗಿ ಕಟ್ಟಿಕೊಳ್ಳುತ್ತದೆ. ಆ ಜಾಲರಿಗೆ ಲೇಪಿಸಿರುವುದು ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ. ಮೂವತ್ತು ಡಾಲರಿನ ಪ್ಲಗ್ಗು ಸಾವಿರ ಡಾಲರಿನ ಬಿಲ್ಲಾಗುವುದು ಹೀಗೆ. ಪಕ್ಕಕ್ಕೆ ನಿಲ್ಲಿಸಿ, ಟೋ ಗಾಡಿ ಕರೆಸಬೇಕು, ಅಷ್ಟೇ.

ತಮ್ಮ ಅದೃಷ್ಟಕ್ಕೆ ಮಿನ್ನೆಸೋಟಾದಲ್ಲಿ ಹೊಗೆ ತಪಾಸಣೆ 1999ರಲ್ಲೇ ನಿಂತುಹೋಗಿದೆ. ಕ್ಯಾಲಿಫೋರ್ನಿಯಾದಲ್ಲಿದ್ದಿದ್ದರೆ, ತಪಾಸಣೆಯ ಹಿಂದಿನ ರಾತ್ರಿ ಗುಂಡಿ ಒತ್ತಿದ ಕಾರನ್ನು ಅಲ್ಲಿನವರು ಸಾಕೆಟ್ಟಿಗೆ ತಂತಿ ಹಾಕಿದ ಕೂಡಲೇ ವಾಪಸು ಕಳಿಸುತ್ತಿದ್ದರು. ಅಳಿಸಿದ್ದು ಅಳಿಸಿದಂತೆಯೇ ಕಾಣುತ್ತದೆ. ಭಾರತದಲ್ಲೂ 2013ರಿಂದೀಚೆಗೆ ಇದೇ ಬಗೆಯ ಕಣ್ಗಾವಲು ಹೊಸ ಕಾರುಗಳಿಗೆ ಬಂದಿದೆ; ಬೆಂಗಳೂರಿನ 14 ಡಿಗ್ರಿಗೆ ಸ್ವೆಟರ್ ಹಾಕಿಕೊಂಡ ತಮ್ಮ ಭಾವಮೈದುನ ವಾಟ್ಸ್ಆ್ಯಪಿನಲ್ಲಿ ತಮ್ಮ ಸಲಹೆ ಕೇಳುತ್ತಿದ್ದಾರಂತೆ. ಅವರಿಗೆ ಒಂದು ಮಾತು ಹೇಳಿ. ರಸ್ತೆಯ ಗುಂಡಿಗಳ ಕುಲುಕಾಟಕ್ಕೂ ಕ್ರ್ಯಾಂಕ್ ಸೆನ್ಸರ್ ಮೋಸಹೋಗುವುದುಂಟು. ಆ ಊರಿನಲ್ಲಿ ಯಾವುದು ಎಂಜಿನ್ ತಪ್ಪು, ಯಾವುದು ಪಾಲಿಕೆಯ ತಪ್ಪು ಎಂದು ಹೇಳಲು ತಮ್ಮಿಂದಲೂ ಆಗಲಿಕ್ಕಿಲ್ಲ.

ನನ್ನದು ಒಂದೇ ಮನವಿ. ಗುಂಡಿ ಒತ್ತುವ ಮೊದಲು ಫ್ರೀಜ್ ಫ್ರೇಮ್ ಪುಟದ ಒಂದು ಸ್ಕ್ರೀನ್‌ಶಾಟ್ ತೆಗೆದು ಕಾರಿನವರಿಗೆ ಕಳಿಸಿ. ತಾವು ಹೋದ ಮೇಲೆ ಅವರು ನಿಜವಾದ ಮೆಕ್ಯಾನಿಕ್ ಹತ್ತಿರ ಹೋಗುತ್ತಾರೆ. ಅಲ್ಲಿ ತೋರಿಸಲು ಏನಾದರೂ ಬೇಕು.

ಇತಿ, ತಮ್ಮ ಅಭಿಮಾನಿ.

ವಿ.ಸೂ.: ಪಕ್ಕದ ಟೈರ್ ಗಾಳಿಯ ದೀಪದ ಬಗ್ಗೆಯೂ ತಮಗೆ ಫೋನ್ ಬರುತ್ತದೆಂದು ಕೇಳಿದೆ. ತಾಪಮಾನ 5–6 ಡಿಗ್ರಿ ಇಳಿದಾಗೆಲ್ಲ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಸೆಪ್ಟೆಂಬರಿನ 20 ಡಿಗ್ರಿಯಲ್ಲಿ ತುಂಬಿಸಿದ ಗಾಳಿ ಮೈನಸ್ 20ಕ್ಕೆ ಬರುವಷ್ಟರಲ್ಲಿ ಏಳು ಕಡಿಮೆ. ಅದರ ಮೇಲೆ ತಾನಾಗಿ ಸೋರಿದ್ದೂ ಸೇರಿದರೆ ದೀಪ ಹತ್ತುತ್ತದೆ. ಅದಕ್ಕೆ ಸ್ಕ್ಯಾನರ್ ಬೇಡ, ಪಂಪು ಸಾಕು. ಹೈವೇಯಲ್ಲಿ ಓಡಿ ಟೈರು ಬಿಸಿಯಾದರೆ ದೀಪ ತಾನೇ ಆರುವುದೂ ಇದೆ. ಅದರ ಕೀರ್ತಿಯನ್ನೂ ಹೋದ ವಾರ ತಾವೇ ಸ್ವೀಕರಿಸಿದಿರಂತೆ.