ಲಾಗ್ ರಾಯರು

ಬೆಂಗಳೂರಿನ ಯಾವ ಮಧ್ಯಮ ಗಾತ್ರದ ಕಂಪನಿಗೆ ಹೋದರೂ ಎ.ಸಿ. ಜಾಸ್ತಿ ಬೀಸುವ ಮೂಲೆಯಲ್ಲಿ, ಸ್ವೆಟರ್ ತೊಟ್ಟ ಒಬ್ಬರು ಲಾಗ್ ರಾಯರು ಕಾಣಸಿಗುತ್ತಾರೆ. ಹುದ್ದೆ ಡಿಬಿಎ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವರು. ಡೇಟಾಬೇಸ್ ನೆಟ್ಟಗಿರುವಷ್ಟು ದಿನ ಅವರತ್ತ ಯಾರೂ ತಿರುಗಿ ನೋಡುವುದಿಲ್ಲ. ಅಪ್ರೈಸಲ್ ಬಂದಾಗ ‘ಈ ವರ್ಷ ನೀವು ಮಾಡಿದ್ದೇನು?’ ಎಂಬ ಪ್ರಶ್ನೆ ಬೇರೆ. ಏನೂ ಆಗದಂತೆ ನೋಡಿಕೊಂಡೆ ಎಂದರೆ ಅದಕ್ಕೆ ಫಾರಂನಲ್ಲಿ ಕಾಲಂ ಇಲ್ಲ.

ಡೇಟಾಬೇಸ್ ಮಾಯವಾದ ದಿನ ಮಾತ್ರ ಎಲ್ಲರಿಗೂ ರಾಯರೇ ಬೇಕು.

ಬ್ಯಾಕಪ್ ರಿಸ್ಟೋರ್‌ಗೆ ಹಾಕಿ ರಾಯರು ಪತ್ತೇದಾರಿಕೆಗೆ ಕೂರುತ್ತಾರೆ. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಡೀಫಾಲ್ಟ್ ಟ್ರೇಸ್ ಎಂಬುದೊಂದಿದೆ. ಯಾರೂ ಹೇಳದೆಯೇ ಬರೆದುಕೊಳ್ಳುತ್ತಿರುತ್ತದೆ. ಟೇಬಲ್ ಅಥವಾ ಡೇಟಾಬೇಸನ್ನು ಯಾವ ಲಾಗಿನ್, ಯಾವ ಮಷೀನಿನಿಂದ, ಎಷ್ಟು ಗಂಟೆಗೆ ಡ್ರಾಪ್ ಮಾಡಿತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಆದರೆ ಅದು ಇಟ್ಟುಕೊಳ್ಳುವುದು 20 ಎಂಬಿಯ ಐದೇ ಫೈಲು. ಸರ್ವರ್ ಒಮ್ಮೆ ರೀಸ್ಟಾರ್ಟ್ ಆದರೆ ಹೊಸ ಫೈಲು ಶುರು, ಹಳೆಯದೊಂದು ಔಟು. ಅಷ್ಟರಲ್ಲಿ ಮ್ಯಾನೇಜರು, ಏನೇ ಕೆಟ್ಟರೂ ‘ಆಫ್ ಮಾಡಿ ಆನ್ ಮಾಡಿ’ ಎನ್ನುವ ಪಂಥದವರು, ನಾಲ್ಕು ಸಲ ರೀಸ್ಟಾರ್ಟ್ ಮಾಡಿಸಿ ಆಗಿರುತ್ತದೆ. ಉಳಿದ ಒಂದೇ ಹಳೇ ಫೈಲನ್ನು ರಾಯರು ಬೇರೆ ಕಡೆಗೆ ಕಾಪಿ ಮಾಡಿಕೊಂಡು ತೆರೆಯುತ್ತಾರೆ.

‘ಗೊತ್ತಾಯ್ತಾ ರಾಯರೇ, ಯಾರು?’

‘ಗೊತ್ತಾಯ್ತು ಸರ್. ಎಸ್‌ಎ.’

‘ಯಾವ ಟೀಮಿನವನು?’

‘ಎಲ್ಲಾ ಟೀಮಿನವನೂ ಸರ್.’

ಎಸ್‌ಎ ಅಂದರೆ ಸರ್ವರ್‌ನ ಸರ್ವಾಧಿಕಾರಿ ಲಾಗಿನ್. ಅದರ ಪಾಸ್‌ವರ್ಡ್ ಡೆವಲಪರ್‌ಗಳಿಗೆ, ಟೆಸ್ಟಿಂಗ್‌ನವರಿಗೆ, ಆರು ತಿಂಗಳ ಹಿಂದೆ ಕೆಲಸ ಬಿಟ್ಟವರಿಗೆ, ಎಲ್ಲರಿಗೂ ಬಾಯಿಪಾಠ. ಮಷೀನಿನ ಹೆಸರಾದರೂ ದಾರಿ ತೋರಿಸೀತೆಂದರೆ, ಅದು ಎಲ್ಲರೂ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೊಕ್ಕು ಹೊರಡುವ ಧರ್ಮಛತ್ರದಂಥ ಮಷೀನು. ಬೇರೆ ಬೇರೆ ಲಾಗಿನ್ ಕೊಡೋಣವೆಂದು ರಾಯರು ಬರೆದ ಮೇಲ್‌ಗಳಿಗೆ ಬಂದ ಉತ್ತರ ಒಂದೇ: ‘ನೋಟೆಡ್.’

ಇಂಥ ಹೊತ್ತಿನಲ್ಲಿ ರಾಯರು ತಪ್ಪದೆ ಗಿಟ್‌ಲ್ಯಾಬ್ ಎಂಬ ಕಂಪನಿಯ ಪುರಾಣ ತೆಗೆಯುತ್ತಾರೆ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರೊಬ್ಬರು, ಕುಳಿತಿರುವುದು ನಕಲು ಸರ್ವರ್‌ನಲ್ಲಿ ಎಂದುಕೊಂಡು ಅಸಲಿನ ಡೇಟಾ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಜಿಬಿ. ಬ್ಯಾಕಪ್ ವ್ಯವಸ್ಥೆಗಳು ಒಂದರ ಹಿಂದೊಂದು ಕೈಕೊಟ್ಟವು. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಪ್ರತಿಯೊಂದು ಸಿಕ್ಕಿತು. ಕಂಪನಿ ರಿಪೇರಿಯನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿತು. ಅಂತಿಮ ವರದಿಯಲ್ಲಿ ಅಳಿಸಿದವರನ್ನು ‘ಒಬ್ಬ ಎಂಜಿನಿಯರ್’ ಎಂದಷ್ಟೇ ಕರೆಯಿತು. ‘ನೋಡಿ, ಅವರು ಹೆಸರು ಗೊತ್ತಿದ್ದೂ ಹೇಳಲಿಲ್ಲ. ನಾವು ಹೇಳೋಣವೆಂದರೆ ಹೆಸರೇ ಗೊತ್ತಿಲ್ಲ’ ಎಂದು ರಾಯರು ನಿಟ್ಟುಸಿರಿಡುತ್ತಾರೆ.

ಮ್ಯಾನೇಜರನ್ನು ಅಲ್ಲಾಡಿಸುವುದು ಪುರಾಣವಲ್ಲ, ಕಾನೂನು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್‌ನ ನಿರ್ದೇಶನದಲ್ಲಿ 180 ದಿನಗಳ ಲಾಗ್ ಇಟ್ಟುಕೊಳ್ಳಬೇಕೆಂದಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ಜಾಡು ಕಡ್ಡಾಯ, ಅದನ್ನು ಆಫ್ ಮಾಡುವಂತಿಲ್ಲ. ಇದನ್ನು ಕೇಳಿದ್ದೇ ತಡ, ಮಂಜೂರಾತಿ ಬಂತು: ಪ್ರತಿಯೊಬ್ಬರಿಗೂ ಸ್ವಂತ ಲಾಗಿನ್, ಜೊತೆಗೆ ಯಾರು ಏನು ಮಾಡಿದರೆಂದು ಬರೆದಿಡುವ ಪೂರ್ತಿ ಆಡಿಟ್.

ರಾಯರ ಹುರುಪಿಗೆ ಮಿತಿಯಿಲ್ಲ. ಅಳಿಸಿದ್ದು, ತಿದ್ದಿದ್ದು ಮಾತ್ರವಲ್ಲ, ಸುಮ್ಮನೆ ಇಣುಕಿದ್ದನ್ನೂ ಬರೆದಿಡು ಎಂದು ಹೇಳಿಟ್ಟರು. ದಾಖಲಿಸಲು ಆಗದಿದ್ದರೆ ಏನು ಮಾಡಲಿ ಎಂದು ಎಸ್‌ಕ್ಯೂಎಲ್ ಸರ್ವರ್ ಮೂರು ಆಯ್ಕೆ ಕೊಡುತ್ತದೆ: ಮುಂದುವರಿಯಲೋ, ಆ ಕೆಲಸವನ್ನಷ್ಟೇ ತಡೆಯಲೋ, ಸರ್ವರನ್ನೇ ನಿಲ್ಲಿಸಲೋ. ರಾಯರು ಮೂರನೆಯದಕ್ಕೆ ಟಿಕ್ ಹಾಕಿದರು. ತಿಂಗಳ ಕೊನೆಗೆ, ಸಂಬಳದ ಲೆಕ್ಕ ಓಡುತ್ತಿದ್ದಾಗ, ಆಡಿಟ್ ಫೈಲುಗಳಿಂದ ಡಿಸ್ಕ್ ತುಂಬಿ ಸರ್ವರ್ ಹೇಳಿದ ಮಾತು ನಡೆಸಿಕೊಟ್ಟಿತು.

ಆಡಿಟ್ ಆನ್ ಮಾಡಿದವರು ಯಾರು ಎಂಬುದನ್ನೂ ಆಡಿಟ್ ದಾಖಲಿಸುತ್ತದೆ. ಮ್ಯಾನೇಜರು ಹಿಂದೆ ನಿಂತು ನೋಡುತ್ತಿರುವಾಗ ರಾಯರೇ ಫೈಲು ತೆರೆದರು. ಈ ಸಲ ಎಸ್‌ಎ ಇರಲಿಲ್ಲ. ರಾಯರ ಪೂರ್ತಿ ಹೆಸರಿತ್ತು, ಇನಿಷಿಯಲ್ ಸಮೇತ.