ಅಡ್ಮಿರಲ್ ಸಾಹೇಬರ ಪರೀಕ್ಷೆ

ನಮ್ಮ ಜನಪ್ರತಿನಿಧಿಗಳು ಅಧ್ಯಯನ ಪ್ರವಾಸಕ್ಕೆಂದು ವಿಮಾನ ಹತ್ತಿದರೆ ಕೆಲವರಿಗೆ ಹೊಟ್ಟೆಯುರಿ. ನನಗಿಲ್ಲ. ಧಾರಾಳವಾಗಿ ಹೋಗಲಿ. ಶಾಪಿಂಗ್ ನಡುವೆ ಪುರುಸೊತ್ತಾದರೆ ಸ್ಟಾಕ್‌ಹೋಮಿನ ವಾಸಾ ಮ್ಯೂಸಿಯಂ ಕಡೆಗೂ ಕಾಲು ಹಾಕಲಿ. ನಾಯಕತ್ವದ ಪಾಠ ಅಲ್ಲಿ ಇಡೀ ಹಡಗಿನ ಗಾತ್ರದಲ್ಲಿ ನಿಂತಿದೆ.

ಸ್ವೀಡನ್ನಿನ ದೊರೆ ಎರಡನೇ ಗುಸ್ತಾವ್ ಅಡಾಲ್ಫನಿಗೆ ಶತ್ರುಗಳ ಎದೆ ನಡುಗಿಸುವ ಯುದ್ಧನೌಕೆ ಬೇಕಿತ್ತು. ಅದೇ ಈ ವಾಸಾ. ಎರಡು ಅಂತಸ್ತಿನಲ್ಲಿ ಫಿರಂಗಿಗಳು, ಒಟ್ಟು 64. ಮೈತುಂಬ ನೂರಾರು ಕೆತ್ತನೆ. ಅಳತೆಗೆ ದೊರೆಯದೇ ಒಪ್ಪಿಗೆ, ಬೇಗ ಮುಗಿಸಿ ಎಂಬ ಒತ್ತಡವೂ ದೊರೆಯದೇ. ಕಟ್ಟಿಸುತ್ತಿದ್ದ ಹೆನ್ರಿಕ್ ಹ್ಯೂಬರ್ಟ್‌ಸನ್ 1627ರಲ್ಲೇ ತೀರಿಕೊಂಡ. ಸತ್ತ ಮೇಲೆ ಎಲ್ಲರಿಗೂ ಬಹಳ ಉಪಯೋಗಕ್ಕೆ ಬಂದ.

ಹಡಗು ಹೊರಡುವ ಮೊದಲು ಒಂದು ಪರೀಕ್ಷೆ ನಡೆಯಿತು. ಮೂವತ್ತು ನಾವಿಕರು ಅಟ್ಟದ ಮೇಲೆ ಈ ಬದಿಯಿಂದ ಆ ಬದಿಗೆ ಓಡಬೇಕು. ಮೂರನೇ ಓಟಕ್ಕೇ ಹಡಗು ಮಗುಚುವಂತೆ ತೂಗಾಡಿತು. ಅಡ್ಮಿರಲ್ ಕ್ಲಾಸ್ ಫ್ಲೆಮಿಂಗ್ ಓಟ ನಿಲ್ಲಿಸಿಬಿಟ್ಟ. ನಮ್ಮಲ್ಲಿ ಪ್ರಶ್ನೆಪತ್ರಿಕೆ ಸೋರಿದರೆ ಪರೀಕ್ಷೆ ರದ್ದು. ಅಲ್ಲಿ ಉತ್ತರ ಸೋರಿದ್ದಕ್ಕೆ ರದ್ದು! ಆತಂಕಪಟ್ಟ ನಾವಿಕನಿಗೆ, ಕಟ್ಟಿದವನೇನು ಹೊಸಬನಲ್ಲ, ಚಿಂತೆ ಬೇಡವೆಂಬ ಸಮಾಧಾನ ಸಿಕ್ಕಿತು. ದೊರೆ ಪ್ರಷ್ಯಾದಲ್ಲಿ ಯುದ್ಧದಲ್ಲಿದ್ದ. ಹಡಗಿನ ದಾರಿ ಕಾಯುತ್ತಿದ್ದವನಿಗೆ ಹಡಗು ತೂಗಾಡುತ್ತದೆಂದು ಬರೆಯುವ ಗಂಡೆದೆ ಯಾರಿಗಿತ್ತು?

1628ರ ಆಗಸ್ಟ್ 10. ದಡದ ತುಂಬ ಜನ. ಹಡಗು ಹೆಚ್ಚೆಂದರೆ 1300 ಮೀಟರ್ ಸಾಗಿತ್ತು. ಗಾಳಿ ಬೀಸಿತು, ವಾಲಿತು. ಕೆಳಗಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು, ಹಡಗು ಮುಳುಗಿತು. ಸುಮಾರು ಮೂವತ್ತು ಜನ ಸತ್ತರು.

ವಿಚಾರಣೆ ಶಾಸ್ತ್ರೋಕ್ತವಾಗಿ ನಡೆಯಿತು. ಕುಡಿದಿರಲಿಲ್ಲ ಎಂದರು ಸಿಬ್ಬಂದಿ. ದೊರೆ ಒಪ್ಪಿದ ಅಳತೆಯಂತೆಯೇ ಕಟ್ಟಿದೆವು ಎಂದರು ಕಟ್ಟಿದವರು. ಹಾಗಾದರೆ ತಪ್ಪು ಯಾರದು? ದೇವರೇ ಬಲ್ಲ ಎಂಬ ಉತ್ತರ ಬಂತು. ದೊರೆಯನ್ನು ಬೆರಳಿಟ್ಟು ತೋರಿಸುವಂತಿಲ್ಲ, ಹ್ಯೂಬರ್ಟ್‌ಸನ್ ಕೈಗೆ ಸಿಗುವಂತಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ.

ಸ್ವೀಡನ್ನಿನವರು 1961ರಲ್ಲಿ ಆ ಹಡಗನ್ನು ಮೇಲೆತ್ತಿದರು. ಈಗ ಸೋಲಿಗೇ ಟಿಕೆಟ್ ಇಟ್ಟು ತೋರಿಸುತ್ತಾರೆ. ನಾವು ಇನ್ನೂ ಅಡ್ಮಿರಲ್ ಸಾಹೇಬರ ವಿಧಾನದಲ್ಲೇ ಪ್ರಗತಿ ಪರಿಶೀಲನೆ ಮಾಡುತ್ತೇವೆ. "ಏನ್ರೀ, ಎಲ್ಲ ಸರಿಯಿದೆ ತಾನೆ?" ಎನ್ನುವುದರಲ್ಲೇ ಉತ್ತರ ಅಡಗಿರುತ್ತದೆ. "ಇದೆ ಸಾರ್" ಎಂದವನಿಗೆ ಬಡ್ತಿ, "ಸ್ವಲ್ಪ ವಾಲುತ್ತಿದೆ ಸಾರ್" ಎಂದವನಿಗೆ ಎತ್ತಂಗಡಿ. ಕೇಳಿಸಿಕೊಳ್ಳಲು ಒಲ್ಲದ ನಾಯಕ ಅಧಿಕಾರಿಗಳನ್ನು ಎಲ್ಲಿಗೆ ಬೇಕಾದರೂ ವರ್ಗ ಮಾಡಬಹುದು. ಗಾಳಿಯನ್ನು ವರ್ಗ ಮಾಡುವ ಆದೇಶ ಮಾತ್ರ ಇನ್ನೂ ಹೊರಬಿದ್ದಿಲ್ಲ.